ಸ್ಲೈಡಿನ ಲೆಕ್ಕದ ಹಾಳೆ ಯಾರ ಹತ್ತಿರ ಇದೆ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

2016ರ ಆಗಸ್ಟ್ 7ರಂದು ಅಮೆರಿಕದ ಕಾನ್ಸಸ್ ರಾಜ್ಯದ ಶ್ಲಿಟ್ಟರ್‌ಬಾನ್ ವಾಟರ್ ಪಾರ್ಕಿನಲ್ಲಿ ಜನಪ್ರತಿನಿಧಿಗಳ ದಿನ ಇತ್ತು. ಶಾಸಕರಿಗೂ ಅವರ ಮನೆಯವರಿಗೂ ಅಂದು ಟಿಕೆಟ್ ಇಲ್ಲ. ಆ ರಾಜ್ಯದ ಶಾಸಕರೊಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರ ಹತ್ತು ವರ್ಷದ ಮಗ 'ವೆರುಕ್ಟ್' ಎಂಬ ಸ್ಲೈಡ್ ಹತ್ತಿದ. ಆಗ ಅದು ಜಗತ್ತಿನ ಅತಿ ಎತ್ತರದ ವಾಟರ್ ಸ್ಲೈಡ್. ಎತ್ತರ 51 ಮೀಟರ್, ಮೇಲೆ ಹೋಗಲು 264 ಮೆಟ್ಟಿಲು. ಮೂವರು ಕೂರುವ ರಾಫ್ಟ್. ಮೊದಲ ಇಳಿಜಾರು ಇಳಿದು, ಎರಡನೇ ದಿಬ್ಬ ಹತ್ತಿದ ರಾಫ್ಟ್ ಗಾಳಿಗೆ ಎದ್ದಿತು. ಮೇಲಿನ ಬಲೆಯನ್ನು ಹಿಡಿದಿದ್ದ ಲೋಹದ ಕಮಾನಿಗೆ ಬಡಿಯಿತು. ಹುಡುಗ ಅಲ್ಲೇ ತೀರಿಕೊಂಡ.

ಮುಂದಿನ ವರ್ಷ, 2017ರಲ್ಲಿ, ಕಾನ್ಸಸ್ ತನ್ನ ರೈಡ್ ಸುರಕ್ಷತಾ ಕಾನೂನನ್ನು ಬಿಗಿ ಮಾಡಿತು. ಅದಕ್ಕೂ ಮೊದಲು ತಪಾಸಣೆಯನ್ನು ಹೆಚ್ಚುಕಡಿಮೆ ಪಾರ್ಕಿನವರಿಗೇ ಬಿಟ್ಟಿದ್ದರು. ಹೊಸ ಕಾನೂನಿನಲ್ಲಿ ಅರ್ಹ ಇನ್‌ಸ್ಪೆಕ್ಟರ್, ಸರ್ಕಾರದ ಪರ್ಮಿಟ್, ದೊಡ್ಡ ಗಾಯವಾದರೆ ಸರ್ಕಾರಕ್ಕೆ ತಿಳಿಸುವುದು, ಎಲ್ಲ ಬಂತು. ಆ ಕಾನೂನಿಗೆ ವೋಟು ಹಾಕಿದವರ ಪೈಕಿ ಎಷ್ಟೋ ಜನ ಆ ಹುಡುಗನ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂರುವವರು.

ಇದೊಂದೇ ಅಲ್ಲ. 2002ರಲ್ಲಿ ಅಮೆರಿಕದಲ್ಲೇ ಏಳು ವರ್ಷದ ಹುಡುಗಿಯೊಬ್ಬಳು ಬಿಸಿನೀರಿನ ತೊಟ್ಟಿಯ ತಳದ ಡ್ರೈನ್ ಎಳೆತಕ್ಕೆ ಸಿಕ್ಕಿ ನೀರೊಳಗೇ ಸತ್ತಳು. ಆಕೆ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು. 2007ರಲ್ಲಿ ಆಕೆಯ ಹೆಸರಿನಲ್ಲೇ ಕೇಂದ್ರದ ಕಾನೂನು ಬಂತು, ವರ್ಜೀನಿಯಾ ಗ್ರೇಮ್ ಬೇಕರ್ ಕಾಯ್ದೆ ಅಂತ. ಡ್ರೈನಿಗೆ ಸಿಕ್ಕಿ ಮಕ್ಕಳು ಸಾಯುವುದು ಅಲ್ಲಿ ಅದೇ ಮೊದಲೇನೂ ಆಗಿರಲಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದೂ ಇದಕ್ಕೇ. ಶಾಸಕರ ಮನೆಗೋ ಸಚಿವರ ಮನೆಗೋ ದುಃಖ ಬರುವವರೆಗೆ ಕಾಯುವ ಪಾಠ ನಮಗೆ ಬೇಡ. ಕೇಳುವುದು ದೊಡ್ಡದೇನಲ್ಲ. ರಾಜ್ಯದಲ್ಲಿ ಯಾವುದೇ ವಾಟರ್ ಸ್ಲೈಡಿಗೆ ಲೈಸೆನ್ಸ್ ಕೊಡುವ ಮೊದಲು ಅದರ ಲೆಕ್ಕದ ಹಾಳೆಗಳನ್ನು, ಅಂದರೆ ವೇಗ, ಬಾಗು, ಭಾರ ಎಲ್ಲ ಲೆಕ್ಕ ಹಾಕಿದ ವಿನ್ಯಾಸದ ಕಾಗದಗಳನ್ನು, ಕೇಳಿ ತೆಗೆದುಕೊಳ್ಳಿ. ಪಾರ್ಕಿನಿಂದಲೂ ಸ್ಲೈಡ್ ಮಾಡಿದವರಿಂದಲೂ ಹಣ ಪಡೆಯದ ಬೇರೊಬ್ಬ ಎಂಜಿನಿಯರ್ ಅದನ್ನು ಓದಿ ಸಹಿ ಹಾಕಲಿ. ಇಷ್ಟೇ.

ನಾನು ಫೈಬರ್ ಮತ್ತು ಸ್ಟೀಲ್ ಸ್ಟ್ರಕ್ಚರ್ ಕೆಲಸದವನು. ಟ್ಯಾಂಕು, ಬೋಟು, ಜೊತೆಗೆ ಸ್ಲೈಡು. ಹಾಗಾಗಿ ಹಾಳೆಯಲ್ಲಿ ಏನಿರಬೇಕು, ಹಾಳೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ವೆರುಕ್ಟ್ ವಿಷಯಕ್ಕೇ ಮತ್ತೆ ಬರುತ್ತೇನೆ, ಯಾಕೆಂದರೆ ಕಲಿಯುವುದು ಅಲ್ಲೇ ಜಾಸ್ತಿ ಇದೆ. 51 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಇಳಿದರೆ ಕೆಳಗೆ ಬರುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 114 ಕಿಲೋಮೀಟರ್. ನೀರು, ಗಾಳಿ, ಉಜ್ಜಾಟ ಎಲ್ಲ ಸೇರಿ ಅದರಲ್ಲಿ ಸ್ವಲ್ಪ ತಿನ್ನುತ್ತವೆ. ಅಷ್ಟು ವೇಗದಲ್ಲಿ ಬಂದ ರಾಫ್ಟ್ ಮತ್ತೊಂದು ದಿಬ್ಬ ಹತ್ತಿ ಇಳಿಯಬೇಕು. ದಿಬ್ಬದ ನೆತ್ತಿಯಲ್ಲಿ ರಾಫ್ಟ್ ನೆಲಕ್ಕೆ ಅಂಟಿಕೊಂಡಿರುತ್ತದಾ, ಹಾರುತ್ತದಾ ಅನ್ನುವುದನ್ನು ಎರಡು ಅಂಕಿ ತೀರ್ಮಾನ ಮಾಡುತ್ತವೆ. ಒಂದು ವೇಗ, ಇನ್ನೊಂದು ಆ ಬಾಗಿನ ತ್ರಿಜ್ಯ. ಉದಾಹರಣೆಗೆ ತ್ರಿಜ್ಯ 20 ಮೀಟರ್ ಅಂದುಕೊಳ್ಳಿ. ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ 50 ಕಿಲೋಮೀಟರ್ ಮುಟ್ಟಿದ ತಕ್ಷಣ ನೆತ್ತಿಯಲ್ಲಿ ಕೂತವರ ತೂಕ ಸೊನ್ನೆ. ಅಲ್ಲಿಂದ ಒಂದು ಚೂರು ಜಾಸ್ತಿಯಾದರೂ ರಾಫ್ಟ್ ಸ್ಲೈಡನ್ನು ಬಿಟ್ಟಿತು. ಇದು ಪಿಯುಸಿ ಫಿಸಿಕ್ಸ್. ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಅಲ್ಲಿ ಆಗಿದ್ದೇನು? ತೆರೆಯುವ ಮೊದಲೇ ಮರಳಿನ ಮೂಟೆ ಕಟ್ಟಿ ರಾಫ್ಟ್ ಬಿಟ್ಟು ನೋಡಿದ್ದರು. ರಾಫ್ಟ್‌ಗಳು ಹಾರಿ ಹೋದವು. ಸ್ಲೈಡಿನ ದೊಡ್ಡ ಭಾಗವನ್ನೇ ಒಡೆದು ಮತ್ತೆ ಕಟ್ಟಿದರು. ಉದ್ಘಾಟನೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ 2014ರ ಜುಲೈನಲ್ಲಿ ಜನರನ್ನು ಬಿಟ್ಟರು. ಹಾರಿದರೆ ಹೊರಗೆ ಬೀಳದಿರಲಿ ಅಂತ ಮೇಲೆ ಬಲೆ ಹಾಕಿದರು, ಬಲೆ ನಿಲ್ಲಲಿ ಅಂತ ಲೋಹದ ಕಮಾನು ಹಾಕಿದರು. ಜೀವ ತೆಗೆದದ್ದು ಆ ಕಮಾನೇ. ಲೆಕ್ಕ ತಪ್ಪಿರುವ ಕಡೆ ಮೇಲಿಂದ ಒಂದು ರಕ್ಷಣೆ ಸೇರಿಸಿದರೆ ಅಪಾಯ ಜಾಗ ಬದಲಾಯಿಸುತ್ತದೆ, ಅಷ್ಟೇ.

ತೂಕದ ವಿಷಯ ಇನ್ನೂ ಗಮನಿಸಬೇಕಾದ್ದು. ಮೂವರ ಒಟ್ಟು ತೂಕ 181ರಿಂದ 249 ಕೆಜಿ ಒಳಗಿರಬೇಕು ಅಂತ ನಿಯಮ. ಆ ದಿನ ರಾಫ್ಟ್‌ನಲ್ಲಿದ್ದವರ ತೂಕ ಸುಮಾರು 248 ಕೆಜಿ. ನಿಯಮದ ಒಳಗೇ ಇತ್ತು! ಆದರೆ ಹುಡುಗ ಸುಮಾರು 34 ಕೆಜಿ, ಅವನು ಕೂತದ್ದು ಮುಂದೆ. ಹಿಂದೆ ದೊಡ್ಡ ಮೈಕಟ್ಟಿನ ಇಬ್ಬರು ಹೆಂಗಸರು. ಮುಂಭಾಗ ಹಗುರ, ಹಿಂಭಾಗ ಭಾರ. ತಕ್ಕಡಿಗೆ ಒಟ್ಟು ತೂಕ ಮಾತ್ರ ಗೊತ್ತು, ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಕಟ್ಟಿಹಾಕಲು ಇದ್ದದ್ದು ಒಂದಕ್ಕೊಂದು ಅಂಟಿಕೊಳ್ಳುವ ವೆಲ್‌ಕ್ರೋ ಥರದ ಪಟ್ಟಿ.

2018ರಲ್ಲಿ ಪಾರ್ಕಿನವರ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಸ್ಲೈಡಿನ ವಿನ್ಯಾಸ ಮಾಡಿದವರಿಗೆ ಎಂಜಿನಿಯರಿಂಗ್ ಅರ್ಹತೆ ಇರಲಿಲ್ಲ, ಲೆಕ್ಕಕ್ಕಿಂತ ಮಾಡಿ ನೋಡುವುದನ್ನೇ ನಂಬಿಕೊಂಡಿದ್ದರು ಅಂತ ಆರೋಪಪಟ್ಟಿ ಹೇಳಿತ್ತು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕೇಸು ಹಾಕಬೇಕಾ ಅಂತ ತೀರ್ಮಾನಿಸುವ ನಾಗರಿಕರ ತಂಡಕ್ಕೆ (ಗ್ರ್ಯಾಂಡ್ ಜ್ಯೂರಿ) ತೋರಿಸಬಾರದ ಸಾಕ್ಷ್ಯ ತೋರಿಸಿದ್ದಾರೆ ಅಂತ 2019ರಲ್ಲಿ ಕೋರ್ಟು ಆ ಕೇಸು ಕೈಬಿಟ್ಟಿತು. ಅಷ್ಟರಲ್ಲಿ ಸ್ಲೈಡನ್ನೇ ಕೆಡವಿ ಆಗಿತ್ತು. ನನಗೆ ಯಾರು ಜೈಲಿಗೆ ಹೋದರು ಅನ್ನುವುದಕ್ಕಿಂತ, ಇಂಥ ಸ್ಲೈಡಿಗೆ ಹೊರಗಿನವರು ಒಬ್ಬರೂ ಲೆಕ್ಕ ಪರಿಶೀಲಿಸದೆ ಬಾಗಿಲು ತೆರೆಯಲು ಸಾಧ್ಯವಾದದ್ದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆ.

ನಮ್ಮಲ್ಲಿ 51 ಮೀಟರ್ ಸ್ಲೈಡ್ ಎಲ್ಲಿದೆ ಸ್ವಾಮಿ ಅಂತ ನೀವು ಕೇಳಬಹುದು. ಇಲ್ಲ, ಬೇಕಾಗಿಯೂ ಇಲ್ಲ. ಹತ್ತು ಮೀಟರ್ ಸಾಕು. ಹತ್ತು ಮೀಟರ್ ಇಳಿದವನ ವೇಗ ಗಂಟೆಗೆ 50 ಕಿಲೋಮೀಟರ್ ಹತ್ತಿರ ಹೋಗಬಹುದು. ಬೈಕಿನಲ್ಲಿ ಆ ವೇಗಕ್ಕೆ ಹೆಲ್ಮೆಟ್ ಕಡ್ಡಾಯ ಮಾಡಿದ್ದೇವೆ. ಸ್ಲೈಡಿನಲ್ಲಿ ಮೈಮೇಲೆ ಇರುವುದು ಒಂದು ಒದ್ದೆ ಬಟ್ಟೆ.

ದೊಡ್ಡ ಪಾರ್ಕುಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವರಿಗೆ ಹೆಸರು ಉಳಿಸಿಕೊಳ್ಳಬೇಕು, ಇನ್ಶೂರೆನ್ಸ್ ಕಂಪನಿ ಕೇಳುತ್ತದೆ, ಹೊರದೇಶದಿಂದ ತರಿಸಿದ ಸ್ಲೈಡಿನ ಜೊತೆ ಅಮೆರಿಕದ ಎಎಸ್‌ಟಿಎಂ ಅಥವಾ ಯುರೋಪಿನ ಇಎನ್ 1069 ಮಾನದಂಡದ ಕಾಗದಪತ್ರವೂ ಬರುತ್ತದೆ. ಚಿಂತೆ ಇರುವುದು ಹೆದ್ದಾರಿ ಪಕ್ಕದ ರೆಸಾರ್ಟು, ತೋಟದ ಮನೆ, ಕಲ್ಯಾಣ ಮಂಟಪದ ಹಿಂದಿನ ಪೂಲು, ಇಂಥ ಕಡೆ ಏಳುತ್ತಿರುವ ಸ್ಲೈಡುಗಳ ಬಗ್ಗೆ. ಒಂದು ಸಲ ಒಬ್ಬ ಮಾಲೀಕರು ನನಗೆ ಹೇಳಿದ್ದು ಹೀಗೆ: "ಪಕ್ಕದ ರೆಸಾರ್ಟ್‌ನವರದ್ದು ಮೂವತ್ತು ಅಡಿ ಇದೆ. ನಮಗೆ ನಲವತ್ತು ಮಾಡಿಕೊಡಿ. ಜಾಗ ಮಾತ್ರ ಇಷ್ಟೇ, ನೋಡ್ಕೊಳ್ಳಿ." ಎತ್ತರ ಮೂವತ್ತರಿಂದ ನಲವತ್ತಾದರೆ, ಅದೇ ನೀರು ಅದೇ ಉಜ್ಜಾಟದಲ್ಲಿ ನಿಲ್ಲಲು ಬೇಕಾದ ಉದ್ದವೂ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. ಜಾಗ ಇಷ್ಟೇ ಅಂದರೆ ಆ ಉದ್ದ ಎಲ್ಲಿಂದ ತರುವುದು? ಇಳಿಜಾರು ಕಡಿದಾಗುತ್ತದೆ, ಕೊನೆಯ ಸಮತಟ್ಟು ಗಿಡ್ಡವಾಗುತ್ತದೆ, ಜನ ಎದುರಿನ ಗೋಡೆ ಹತ್ತಿರ ಹೋಗಿ ನಿಲ್ಲುತ್ತಾರೆ. ನಾನು ಒಪ್ಪಲಿಲ್ಲ. ಒಪ್ಪುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವರು ಬೇರೆ ಪಾರ್ಕಿನ ಸ್ಲೈಡಿನಿಂದ ಮೋಲ್ಡ್ (ಅಚ್ಚು) ಕಾಪಿ ಹೊಡೆದಿರುತ್ತಾರೆ. ಬಾಗಿನ ಆಕಾರ ಕಾಪಿ ಆಗುತ್ತದೆ, ಆ ಬಾಗನ್ನು ಎಷ್ಟು ವೇಗಕ್ಕೆ ಲೆಕ್ಕ ಹಾಕಿದ್ದರು ಅನ್ನುವುದು ಕಾಪಿ ಆಗುವುದಿಲ್ಲ.

ಆ ಬಾಗಿನಲ್ಲಿ ಏನಿದೆ ಅಂತ ಒಂದು ಮಾತು ಹೇಳಿಬಿಡುತ್ತೇನೆ. ತ್ರಿಜ್ಯ 5 ಮೀಟರ್ ಇರುವ ತಿರುವಿಗೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ, ಪಕ್ಕಕ್ಕೆ ತಳ್ಳುವ ಬಲ ಮೈತೂಕದ ಎರಡರಷ್ಟು. ಮನುಷ್ಯ ಸ್ಲೈಡಿನ ಗೋಡೆ ಮೇಲೆ 60 ಡಿಗ್ರಿಗಿಂತ ಜಾಸ್ತಿ ಹತ್ತಿಬಿಡುತ್ತಾನೆ. ಗೋಡೆ ಅಷ್ಟು ಎತ್ತರ ಇಲ್ಲದಿದ್ದರೆ ಅಂಚು ದಾಟಿ ಹೊರಗೆ. ಅದೇ ತಿರುವಿಗೆ ಮೇಲಿಂದ ಹತ್ತಡಿ ಜಾಸ್ತಿ ಎತ್ತರ ಸೇರಿಸಿದವನು ಗೋಡೆಯನ್ನೂ ಎತ್ತರಿಸಿದನಾ? ಲೆಕ್ಕದ ಹಾಳೆ ಇದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೊರದೇಶದ ಹಾಳೆ ಇದ್ದರೂ ಸಾಲದು, ನಮ್ಮ ಊರಿನ ಲೆಕ್ಕ ಬೇರೆಯೇ ಇದೆ. ಅಲ್ಲಿ ಈಜುಡುಗೆ ಹಾಕಿಕೊಂಡು ಜಾರುತ್ತಾರೆ. ನಮ್ಮಲ್ಲಿ ಚೂಡಿದಾರ್, ಬನಿಯನ್ನು, ಬರ್ಮುಡಾ. ಹತ್ತಿ ಬಟ್ಟೆ ನೀರು ಕುಡಿದು ಸ್ಲೈಡಿಗೆ ಅಂಟುತ್ತದೆ, ಜನ ನಡುವೆ ನಿಂತುಬಿಡುತ್ತಾರೆ. ಹಿಂದೆ ಬಂದವರು ಬಂದು ಗುದ್ದುತ್ತಾರೆ. ಅದೇ ಸ್ಲೈಡಿನಲ್ಲಿ ಪಾರ್ಕಿನವರು ಬಾಡಿಗೆಗೆ ಕೊಡುವ ನೈಲಾನ್ ಡ್ರೆಸ್ ಹಾಕಿದವನು ಬಾಣದ ಹಾಗೆ ಬರುತ್ತಾನೆ. ಇಬ್ಬರಿಗೂ ಒಂದೇ ಸ್ಲೈಡು. ಜೀನ್ಸಿನ ಹಿಂದಿನ ಲೋಹದ ಗುಂಡಿ ಫೈಬರ್ ಮೇಲ್ಪದರವನ್ನು ಉದ್ದಕ್ಕೂ ಗೀಚಿಕೊಂಡು ಹೋಗುತ್ತದೆ. ಉಡಿದಾರ, ತಾಯಿತ, ಕಾಲ್ಗೆಜ್ಜೆ, ಬಳೆ, ಇವು ಜಾಯಿಂಟಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ವಸ್ತುಗಳು ಅಂತ ಯಾವ ಯುರೋಪಿನ ಎಂಜಿನಿಯರ್ ಯೋಚನೆ ಮಾಡಿರುತ್ತಾನೆ? ಟೆಸ್ಟ್ ಮಾಡುವಾಗ ನಮ್ಮ ಜನ ಹಾಕುವ ಬಟ್ಟೆಯಲ್ಲೇ ಮಾಡಬೇಕು.

ಆಮೇಲೆ ಕರೆಂಟು. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ. ಪಂಪು ನಿಂತರೆ ಸ್ಲೈಡಿನಲ್ಲಿ ನೀರು ಬೇಗ ಬತ್ತುತ್ತದೆ. ಮಧ್ಯದಲ್ಲಿ ಇರುವವನು ಅಲ್ಲೇ ಕೂರುತ್ತಾನೆ, ಇಲ್ಲವೇ ಬೆನ್ನು ಸುಟ್ಟುಕೊಂಡು ಇಳಿಯುತ್ತಾನೆ. ಜನರೇಟರ್ ಎತ್ತಿಕೊಳ್ಳುತ್ತದೆ, ಪಂಪು ಮತ್ತೆ ಶುರುವಾಗುತ್ತದೆ, ಮೇಲೆ ನಿಂತ ಹುಡುಗ "ಹೋಗಿ ಹೋಗಿ" ಅಂತ ಮುಂದಿನವರನ್ನು ಬಿಡುತ್ತಾನೆ. ಟ್ಯೂಬ್ ಸ್ಲೈಡ್ ಆದರೆ ಒಳಗೆ ಯಾರು ಸಿಕ್ಕಿಕೊಂಡಿದ್ದಾರೆ ಅಂತ ಮೇಲಿನವನಿಗೆ ಕಾಣುವುದೇ ಇಲ್ಲ. ನೀರಿನ ಹರಿವು ಕಡಿಮೆಯಾದ ತಕ್ಷಣ ಮೇಲೆ ಕೆಂಪು ದೀಪ ತಾನಾಗಿ ಹತ್ತಬೇಕು. ಕೆಳಗಿನವನು ನೋಡಿ ಬಟನ್ ಒತ್ತುವವರೆಗೆ ಹಸಿರು ಬರಬಾರದು. ಫ್ಲೋ ಸ್ವಿಚ್, ಒಂದು ರಿಲೇ, ಎರಡು ದೀಪ. ಸ್ಲೈಡಿನ ಬಣ್ಣಕ್ಕೆ ಹಾಕುವ ದುಡ್ಡಿನಲ್ಲಿ ಇದು ಏನೂ ಅಲ್ಲ.

ಮಣ್ಣು ಮತ್ತು ಗಾಳಿಯ ಕಥೆಯೂ ಇದೆ. ಕಟ್ಟಡಗಳ ಮೇಲೆ ಬೀಳುವ ಭಾರದ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮಂಗಳೂರಿನ ಟವರಿಗೆ ಸುಮಾರು ಶೇ. 40 ಜಾಸ್ತಿ ಒತ್ತಡ. ಬೆಂಗಳೂರಿನ ಡ್ರಾಯಿಂಗ್ ಹಿಡಿದುಕೊಂಡು ಕರಾವಳಿಯಲ್ಲಿ ಕಂಬ ನಿಲ್ಲಿಸುವ ಹಾಗಿಲ್ಲ. ಗದಗ, ವಿಜಯಪುರ, ಕಲಬುರಗಿ ಕಡೆ ಎರೆ ಭೂಮಿ. ನೀರು ಬಿದ್ದರೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪಕ್ಕದಲ್ಲೇ ಸೋರುವ ಪೂಲು ಬೇರೆ. ಒಂದು ಕಂಬದ ಪಾಯ ಸ್ವಲ್ಪ ಎದ್ದಿತು ಅಂದರೆ ಅದರ ಮೇಲಿನ ಎರಡು ತುಂಡುಗಳ ನಡುವೆ ಮೆಟ್ಟಿಲು ಬರುತ್ತದೆ.

ಆ ಮೆಟ್ಟಿಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ನಮ್ಮ ಕೆಲಸದ ಜೀವಾಳ ಅದು. ಸ್ಲೈಡು ಒಂದೇ ತುಂಡಲ್ಲ. ಮೋಲ್ಡಿನಿಂದ ತೆಗೆದ ತುಂಡುಗಳನ್ನು ಫ್ಲ್ಯಾಂಜಿಗೆ (ಅಂಚಿನ ಮಡಿಕೆ ಪಟ್ಟಿ) ಫ್ಲ್ಯಾಂಜ್ ಇಟ್ಟು ಬೋಲ್ಟ್ ಹಾಕಿ ಸೇರಿಸುತ್ತೇವೆ, ಸಂದಿಗೆ ಸೀಲೆಂಟ್ ತುಂಬುತ್ತೇವೆ. ಮೇಲಿನ ತುಂಡು ಕೆಳಗಿನದಕ್ಕಿಂತ ಕೂದಲೆಳೆ ಮೇಲೆ ಇದ್ದರೂ ಪರವಾಗಿಲ್ಲ, ಹಂಚಿನ ಮನೆಯ ಮಾಡಿನ ಹಾಗೆ, ಇಳಿಯುವುದು ಇಳಿದು ಹೋಗುತ್ತದೆ. ಕೆಳಗಿನ ತುಂಡಿನ ಅಂಚು ಮೇಲೆದ್ದಿದ್ದರೆ ಮಾತ್ರ ಅದು ಬ್ಲೇಡು. ಬೆನ್ನು, ಹಿಮ್ಮಡಿ, ಮೊಣಕೈ ಕುಯ್ಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಒಂದೇ ಆಗಿರುತ್ತದೆ. ಸ್ಲೈಡಿನ ಪಕ್ಕ ಕೂತು ಮೇಲಿನಿಂದ ಕೆಳಕ್ಕೆ ಅಂಗೈ ಎಳೆಯಬೇಕು. ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಬೇಕು. ಬೋಲ್ಟ್ ಸಡಿಲಿಸಿ, ಸರಿ ಮಾಡಿ, ಮತ್ತೆ ಬಿಗಿದು, ಮತ್ತೆ ಕೈ ಎಳೆಯಬೇಕು. ಒಳ್ಳೆಯ ಮೇಸ್ತ್ರಿಗಳು ಇದಕ್ಕೆ ಗಂಟೆಗಟ್ಟಲೆ ಕೊಡುತ್ತಾರೆ. ಉದ್ಘಾಟನೆ ನಾಳೆ ಇದೆ ಅಂದರೆ ಸೀಲೆಂಟನ್ನೇ ಜಾಸ್ತಿ ಮೆತ್ತಿ ಇಳಿಜಾರು ಮಾಡಿ ಬಿಡುತ್ತಾರೆ. ಕ್ಲೋರಿನ್ ನೀರಿಗೆ, ಬಿಸಿಲಿಗೆ ಅದು ಕೆಲವು ತಿಂಗಳಲ್ಲೇ ಕಿತ್ತು ಬರುತ್ತದೆ, ಒಳಗಿನ ಬ್ಲೇಡು ಹೊರಗೆ ಬರುತ್ತದೆ.

ಫೈಬರ್ ಹೇಗೆ ಮಾಡಿದ್ದಾರೆ ಅನ್ನುವುದನ್ನೂ ಹೊರಗಿನಿಂದ ಹೇಳುವುದು ಕಷ್ಟ. ಮೇಲೆ ಹೊಳೆಯುವುದು ಜೆಲ್‌ಕೋಟ್, ಅದು ಅರ್ಧ ಮಿಲಿಮೀಟರ್ ಆಸುಪಾಸು. ಬಲ ಇರುವುದು ಅದರ ಹಿಂದಿನ ಗಾಜಿನ ಮ್ಯಾಟ್ ಮತ್ತು ರೆಸಿನ್ ಪದರಗಳಲ್ಲಿ. ಮಳೆಗಾಲದಲ್ಲಿ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ. ಆರ್ಡರ್ ಅರ್ಜೆಂಟ್ ಅಂತ ಹಾರ್ಡ್‌ನರ್ ಜಾಸ್ತಿ ಸುರಿದರೆ ತುಂಡು ಬೇಗ ಮೋಲ್ಡ್ ಬಿಡುತ್ತದೆ, ಆದರೆ ಮುರುಕಲಾಗುತ್ತದೆ. ಸ್ವಲ್ಪ ಕಾಲದ ಮೇಲೆ ಬೋಲ್ಟ್ ತೂತಿನ ಸುತ್ತ ಜೇಡನ ಬಲೆಯಂಥ ಸಣ್ಣ ಬಿರುಕು ಶುರು. ಹಾಗಾಗಿ ಸ್ಲೈಡ್ ತಪಾಸಣೆಗೆ ಬಂದವರು ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಬದಲು ಕೆಳಗೆ ಹೋಗಿ ಹೊಟ್ಟೆ ಭಾಗ ನೋಡಬೇಕು. ಅಲ್ಲಿ ಬಣ್ಣ ಇರುವುದಿಲ್ಲ, ನಿಜ ಇರುತ್ತದೆ. ಜಾಯಿಂಟಿನಿಂದ ಕಂಬದ ಮೇಲೆ ಇಳಿದ ಕೆಂಪು ತುಕ್ಕಿನ ಗೆರೆ ಕಂಡರೆ ಆ ಬೋಲ್ಟ್ ಬಿಚ್ಚಿಸಿ ನೋಡಿ. ಜಿಐ ಮಾಡಿಸಿದ, ಅಂದರೆ ತುಕ್ಕು ಹಿಡಿಯದಿರಲಿ ಅಂತ ಸತುವಿನ ಪದರ ಕೊಡಿಸಿದ, ಕಂಬಕ್ಕೆ ಸೈಟಿನಲ್ಲಿ ವೆಲ್ಡಿಂಗ್ ಮಾಡಿದ್ದರೆ ಆ ಜಾಗದಲ್ಲಿ ಸತುವಿನ ಪದರ ಸುಟ್ಟುಹೋಗಿರುತ್ತದೆ, ಮೇಲೆ ಬೆಳ್ಳಿ ಬಣ್ಣ ಬಳಿದಿರುತ್ತಾರೆ. ಸ್ಟೇನ್‌ಲೆಸ್ ಹಾಕಿದ್ದೇವೆ ಅಂದರೂ ನೆಮ್ಮದಿ ಬೇಡ. 1985ರಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್‌ನಲ್ಲಿ ಒಳಾಂಗಣ ಈಜುಕೊಳದ ಕಾಂಕ್ರೀಟ್ ಸೀಲಿಂಗ್ ಕುಸಿದು 12 ಜನ ಸತ್ತರು. ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸರಳುಗಳನ್ನು ಕ್ಲೋರಿನ್‌ನ ಆವಿ ಒಳಗೊಳಗೇ ಬಿರುಕು ಬಿಡಿಸಿತ್ತು.

ಇನ್ನು ಶಾಲಾ ಪ್ರವಾಸದ ವಿಷಯ. ಡಿಸೆಂಬರ್ ಬಂದರೆ ಊರೂರಿನ ಶಾಲೆ ಮಕ್ಕಳು ಬಸ್ಸಿನಲ್ಲಿ ಹೊರಡುತ್ತಾರೆ, ಪಟ್ಟಿಯಲ್ಲಿ ಒಂದು ವಾಟರ್ ಪಾರ್ಕು ಇದ್ದೇ ಇರುತ್ತದೆ. 1997ರ ಜೂನ್ 2ರಂದು ಕ್ಯಾಲಿಫೋರ್ನಿಯಾದ ಕಾನ್ಕಾರ್ಡ್‌ನಲ್ಲಿ ನಡೆದದ್ದು ನಮ್ಮ ಮೇಷ್ಟ್ರುಗಳಿಗೆ ಗೊತ್ತಿರಬೇಕು. ನಾಪಾ ಹೈಸ್ಕೂಲಿನ ಕೊನೇ ವರ್ಷದ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ಒಬ್ಬೊಬ್ಬರೇ ಹೋಗಬೇಕಾದ ಸ್ಲೈಡಿಗೆ ಲೈಫ್‌ಗಾರ್ಡ್ ಮಾತು ಕೇಳದೆ ಗುಂಪಾಗಿ ನುಗ್ಗಿ, ಮಧ್ಯದಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ಸ್ಲೈಡು ಮುರಿದು ಮಕ್ಕಳು ಕೆಳಗೆ ಬಿದ್ದರು. ಒಬ್ಬ ಹುಡುಗಿ ಸತ್ತಳು, 32 ಜನಕ್ಕೆ ಗಾಯ. 2022ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಸುರಬಾಯದಲ್ಲಿ ಕೆಂಜೆರಾನ್ ಪಾರ್ಕಿನ ಟ್ಯೂಬ್ ಸ್ಲೈಡ್ ಜನರ ಸಮೇತ ಮುರಿಯಿತು. ಸುಮಾರು ಹತ್ತು ಮೀಟರ್ ಎತ್ತರದಿಂದ 16 ಜನ ಬಿದ್ದರು.

ಮಕ್ಕಳು ಮಾತು ಕೇಳಲಿಲ್ಲ ಅಂತ ಹೇಳಿ ಮುಗಿಸುವುದು ಸುಲಭ. ನನ್ನ ಪ್ರಕಾರ ಅದು ಸರಿಯಲ್ಲ. ಹದಿನೇಳು ಹದಿನೆಂಟರ ಮಕ್ಕಳು ಮಾತು ಕೇಳುವುದಿಲ್ಲ ಅನ್ನುವುದು ಡಿಸೈನ್ ಮಾಡುವವನಿಗೆ ಮೊದಲೇ ಗೊತ್ತಿರಬೇಕಾದ ವಿಷಯ. 50 ಕೆಜಿಯ ಮೂವತ್ತು ಮಕ್ಕಳು ಒಂದೇ ಕಡೆ ಸೇರಿದರೆ ಒಂದೂವರೆ ಟನ್. ಅವರ ಮೈ ಅಣೆಕಟ್ಟಿನ ಹಾಗೆ ನೀರನ್ನೂ ತಡೆಯುತ್ತದೆ, ಒಂದು ಘನ ಮೀಟರ್ ನೀರು ನಿಂತರೆ ಇನ್ನೊಂದು ಟನ್. ಹರಿಯುವ ನೀರು ಮತ್ತು ಒಬ್ಬ ಮನುಷ್ಯನ ಲೆಕ್ಕಕ್ಕೆ ಮಾಡಿದ ಜಾಯಿಂಟು ಇದನ್ನು ತಡೆಯುತ್ತದಾ ಅನ್ನುವ ಪ್ರಶ್ನೆಗೆ ಹಾಳೆಯಲ್ಲಿ ಉತ್ತರ ಇರಬೇಕು. ತಡೆಯದಿದ್ದರೆ ಮೇಲೆ ಒಬ್ಬರೇ ದಾಟುವಂಥ ಗೇಟು ಇರಬೇಕು. ದಿನಗೂಲಿಗೆ ಬಂದ ಹತ್ತೊಂಬತ್ತರ ಹುಡುಗನೊಬ್ಬ ಪೀಪಿ ಊದಿಕೊಂಡು ಐವತ್ತು ಮಕ್ಕಳನ್ನು ತಡೆಯಲಿ ಅನ್ನುವುದು ವ್ಯವಸ್ಥೆ ಅಲ್ಲ.

ಪೂಲಿನ ತಳದ ಡ್ರೈನ್ ಬಗ್ಗೆ ಚಿಕ್ಕದಾಗಿ. ಪಂಪು ಅರ್ಧ ವಾಯುಭಾರದಷ್ಟು ಎಳೆಯುತ್ತಿದ್ದು, 20 ಸೆಂಟಿಮೀಟರ್ ಉದ್ದ ಅಗಲದ ಜಾಲರಿಯನ್ನು ಮಗುವಿನ ಬೆನ್ನು ಪೂರ್ತಿ ಮುಚ್ಚಿದರೆ, ಹಿಡಿಯುವ ಬಲ ಸುಮಾರು 200 ಕೆಜಿ. ಅಪ್ಪ ಎಳೆದರೆ ಬರುವುದಿಲ್ಲ, ಪಂಪು ನಿಲ್ಲಿಸಿದರೆ ಮಾತ್ರ ಬಿಡುತ್ತದೆ. ಒಂದೇ ಪಂಪಿಗೆ ಎರಡು ಡ್ರೈನ್, ನಡುವೆ ಮೂರು ಅಡಿಯಾದರೂ ಅಂತರ, ಉಬ್ಬು ಜಾಲರಿ, ಕೈಗೆ ಸಿಗುವಲ್ಲಿ ಎಮರ್ಜೆನ್ಸಿ ಸ್ವಿಚ್. ಇಷ್ಟಿದ್ದರೆ ಈ ಸಾವು ಬಹುತೇಕ ಆಗುವುದೇ ಇಲ್ಲ.

ಲಿಫ್ಟ್ ವಿಷಯದಲ್ಲಿ ಕರ್ನಾಟಕ ಈ ದಾರಿ ಆಗಲೇ ಹಿಡಿದಿದೆ. ಲಿಫ್ಟು, ಎಸ್ಕಲೇಟರುಗಳಿಗೆ ಅಂತಲೇ 2012ರ ಕಾಯ್ದೆ ನಮ್ಮಲ್ಲಿದೆ, ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡುತ್ತಾರೆ. ನಾಲ್ಕು ಮಹಡಿ ಅಪಾರ್ಟ್‌ಮೆಂಟಿನಲ್ಲಿ ನಿಧಾನಕ್ಕೆ ಏರಿಳಿಯುವ ಪೆಟ್ಟಿಗೆಗೆ ಇರುವ ಶಿಸ್ತು, ಅಷ್ಟೇ ಎತ್ತರದಿಂದ ಮಕ್ಕಳು ಜಾರಿಬೀಳುವ ಸ್ಲೈಡಿಗೆ ಬೇಡವಾ? ಮಾನದಂಡ ಹೊಸದಾಗಿ ಬರೆಯಬೇಕಾಗಿಲ್ಲ. ಎಎಸ್‌ಟಿಎಂ ಎಫ್ 2376 ವಾಟರ್ ಸ್ಲೈಡಿನ ಡಿಸೈನ್, ತಯಾರಿಕೆ, ಕಟ್ಟುವುದು, ನಡೆಸುವುದು ಎಲ್ಲವನ್ನೂ ಹೇಳುತ್ತದೆ. ಇಎನ್ 1069 ಇದೆ. ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕೂಡ ಅಮ್ಯೂಸ್‌ಮೆಂಟ್ ರೈಡು ಮತ್ತು ವಾಟರ್ ಪಾರ್ಕುಗಳ ಸುರಕ್ಷತೆಗೆ ಮಾನದಂಡ ಪ್ರಕಟಿಸಿದೆ. ಲೈಸೆನ್ಸಿನ ಷರತ್ತಿನಲ್ಲಿ ಸೇರಿಸದ ಹೊರತು ಮಾನದಂಡ ಪುಸ್ತಕದಲ್ಲೇ ಉಳಿಯುತ್ತದೆ.

ಲೆಕ್ಕ ಓದಲು ಜನ ಎಲ್ಲಿ ಅಂತ ಅಧಿಕಾರಿಗಳು ಕೇಳುತ್ತಾರೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಬೆಂಗಳೂರಿನಲ್ಲಿ ಐಐಎಸ್‌ಸಿ ಇದೆ, ಧಾರವಾಡದಲ್ಲಿ ಐಐಟಿ ಇದೆ, ಜಿಲ್ಲೆ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಇವೆ. ಸ್ಟ್ರಕ್ಚರ್ ಓದಬಲ್ಲ ಒಬ್ಬರು, ಮೆಕ್ಯಾನಿಕಲ್ ಒಬ್ಬರು ಸಾಕು. ಶುಲ್ಕ ಪಾರ್ಕಿನಿಂದ ಸರ್ಕಾರ ವಸೂಲು ಮಾಡಲಿ, ಓದುವವರಿಗೆ ಸರ್ಕಾರ ಕೊಡಲಿ, ಅವರನ್ನು ಆರಿಸುವುದು ಪಾರ್ಕಿನವರ ಕೈಯಲ್ಲಿ ಬೇಡ. ಸಣ್ಣ ರೆಸಾರ್ಟಿನವರಿಗೆ ಹೊರೆಯಾಗುತ್ತದೆ ಅಂತ ಕೂಗು ಏಳುತ್ತದೆ, ನನ್ನ ಕಸುಬಿನವರೇ ಮೊದಲು ಕೂಗುತ್ತಾರೆ. ಎತ್ತರಕ್ಕೆ ಒಂದು ಮಿತಿ ಇಟ್ಟು, ಮೂರು ಮೀಟರ್ ಒಳಗಿನ ಮಕ್ಕಳ ಜಾರುಬಂಡೆಗಳನ್ನು ಸರಳ ತಪಾಸಣೆಗೆ ಬಿಡಿ. ಅದರ ಮೇಲಿನದ್ದಕ್ಕೆ ರಿಯಾಯಿತಿ ಬೇಡ. ಗಾಯದ ರಿಜಿಸ್ಟರ್ ಕಡ್ಡಾಯ ಮಾಡಿ, ಅದರ ನಕಲು ಪ್ರತಿ ತಿಂಗಳು ಜಿಲ್ಲಾಡಳಿತಕ್ಕೆ ಹೋಗಲಿ. ವೆರುಕ್ಟ್ ಓಡಿದ 182 ದಿನಗಳಲ್ಲಿ ಆ ಹುಡುಗನಲ್ಲದೆ ಕನಿಷ್ಠ 13 ಜನಕ್ಕೆ ಪೆಟ್ಟಾಗಿತ್ತು ಅಂತ ಆರೋಪಪಟ್ಟಿ ಹೇಳಿತ್ತು. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟು ಹೊರಗಿನವರು ಓದಿದ್ದರೆ ಸ್ಲೈಡು ಅಷ್ಟು ದಿನ ಓಡುತ್ತಿರಲಿಲ್ಲ.

ಚಳಿಗಾಲದ ಅಧಿವೇಶನಕ್ಕೆ ನೀವು ಬೆಳಗಾವಿಗೆ ಹೋಗುವ ಹೊತ್ತಿಗೆ ಸರಿಯಾಗಿ ಮಕ್ಕಳ ಪ್ರವಾಸದ ಬಸ್ಸುಗಳೂ ಹೊರಟಿರುತ್ತವೆ. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾವ ಪಕ್ಷದವರಾದರೂ ಸರಿ, ಈ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ) ಕೊಟ್ಟರೆ ಸಾಕು. ಬರೆಯುವ ಶ್ರಮವೂ ನಿಮಗೆ ಬೇಡ:

ಮಾನ್ಯ ಸಚಿವರು ದಯಮಾಡಿ ಈ ಕೆಳಕಂಡ ಮಾಹಿತಿ ನೀಡುವರೇ?

(ಅ) ರಾಜ್ಯದಲ್ಲಿ ಮೂರು ಮೀಟರಿಗಿಂತ ಎತ್ತರದ ವಾಟರ್ ಸ್ಲೈಡುಗಳು ಎಷ್ಟಿವೆ? (ಜಿಲ್ಲಾವಾರು ವಿವರ ನೀಡುವುದು)

(ಆ) ಅವುಗಳಲ್ಲಿ ಎಷ್ಟರ ವಿನ್ಯಾಸದ ಲೆಕ್ಕಪತ್ರಗಳು ಸರ್ಕಾರದ ಬಳಿ ಇವೆ?

(ಇ) ಆ ಲೆಕ್ಕಪತ್ರಗಳನ್ನು ಪರಿಶೀಲಿಸಿ ಸಹಿ ಮಾಡಿದವರು ಯಾರು, ಅವರಿಗೆ ಶುಲ್ಕ ಕೊಟ್ಟವರು ಯಾರು?

ಇಂತಿ ನಮಸ್ಕಾರಗಳೊಂದಿಗೆ,
ಫೈಬರ್ ಸ್ಲೈಡ್ ಕಟ್ಟುವ ಒಬ್ಬ ಎಂಜಿನಿಯರ್